ಗ್ಯಾರೇಜಿನ ಬಟ್ಟಲು

ಪುಷ್ಯ ಮಾಸದ ಒಂದು ಗುರುವಾರ. ಕಡಲಾಚೆಯ ಬಾಥೆಲ್ ಊರಿನ ಮನೆಯಲ್ಲಿ ಅಶ್ವತ್ಥನಾರಾಯಣರು ಸಹಸ್ರನಾಮ ಮುಗಿಸಿ ಏಳುವ ಹೊತ್ತಿಗೆ, ಕ್ಯಾನ್ಯನ್ ಪಾರ್ಕಿನ ಆಫೀಸಿಗೆ ಹೊರಟಿದ್ದ ಮಗಳು ಜಾಹ್ನವಿ ಗ್ಯಾರೇಜಿನ ಬಾಗಿಲಲ್ಲೇ ನಿಂತು, "ಅಪ್ಪಾ, ಅಮ್ಮ ಮಾತಾಡ್ತಿಲ್ಲ" ಎಂದಳು. ದನಿ ಎಷ್ಟು ಮೆಲ್ಲಗಿತ್ತೆಂದರೆ, ಹೆಂಡತಿ ಯಾವುದಕ್ಕೋ ಮುನಿಸಿಕೊಂಡಿದ್ದಾಳೆ ಎಂದೇ ಅವರು ತಿಳಿದರು.

ವಸಂತಲಕ್ಷ್ಮಿ ಅಕ್ಕಿ ಮೂಟೆಗೂ ಕಾರಿಗೂ ನಡುವೆ ಹಾಕಿಕೊಂಡ ಮಡಿಸುವ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತಿದ್ದರು. ತಲೆ ಒಂದು ಕಡೆಗೆ ವಾಲಿತ್ತು. ಮಡಿಲಲ್ಲಿ ನೀಲಿ ಚಿತ್ರದ ಬಟ್ಟಲು ಮಗುಚಿ ಕಾಫಿ ಸೀರೆಗೆ ಇಳಿದಿತ್ತು. ಎದೆಬಡಿತ ನಿಂತು ಒಂದು ಗಂಟೆಯಾದರೂ ಆಗಿದೆ ಎಂದರು ಆಂಬುಲೆನ್ಸಿನವರು.

ಆಕೆ ಅಲ್ಲಿ ಕುಳಿತು ಕಾಫಿ ಕುಡಿಯುವಂತಾದದ್ದು ಅಶ್ವತ್ಥನಾರಾಯಣರಿಂದಲೇ. ಎರಡು ವರ್ಷದ ಹಿಂದೆ ಗೆಳತಿ ರಾಜೇಶ್ವರಿಯ ಜೊತೆ ಯಾರದೋ ಮನೆಯ ಹಳೆಯ ಸಾಮಾನಿನ ಮಾರಾಟಕ್ಕೆ ಹೋಗಿ ವಸಂತಲಕ್ಷ್ಮಿ ಆ ಬಟ್ಟಲು ತಂದಿದ್ದರು. ಇನ್ನೂರೈವತ್ತು ವರ್ಷದ ಇಂಗ್ಲಿಷ್ ಪಿಂಗಾಣಿ. ಹಿಡಿಯಿಲ್ಲ. ಮೈಮೇಲೆ ಚೀನಾದವರ ಚಿತ್ರದಂತೆ ಒಂದು ದ್ವೀಪ, ಡೊಂಕು ಮರ, ಗಾಳ ಹಿಡಿದ ಬೆಸ್ತ.

"ಚೀನಾನ ಕಣ್ಣಲ್ಲೂ ನೋಡದೋನು ಬರ್ದಿರೋದು ಕಣ್ರೀ ಇದು. ಬೆಸ್ತ ನೋಡಿ, ನಿಮ್ಮ ಹಾಗೇ ಮುಖ ಗಂಟು ಹಾಕ್ಕೊಂಡಿದಾನೆ."

ಅವರು ನಗಲಿಲ್ಲ. ಇಂಗ್ಲಿಷರ ಪಿಂಗಾಣಿಗೆ ಎತ್ತಿನ ಮೂಳೆ ಸುಟ್ಟ ಬೂದಿ ಬೆರೆಸುತ್ತಾರೆಂದು ಸತ್ಸಂಗದಲ್ಲಿ ಯಾರೋ ಹೇಳಿದ್ದರು.

"ಮೂಳೆ ಪಾತ್ರೆ ದೇವರಿರೋ ಮನೆಯೊಳಗೆ ಬೇಡ."

"ಎಲ್ಲಾ ಒಂದೇ ಥರ ಇರಲ್ಲ ರೀ. ಸ್ವಲ್ಪ ಕೇಳಿ ಇಲ್ಲಿ."

ಅವರು ಜಪಮಾಲೆ ತೆಗೆದುಕೊಂಡು, ಮಾತು ಸಾಕೆಂದು ಕೈ ಎತ್ತಿದರು.

"ಸರಿ ಬಿಡಿ. ನೀವೂ ದೇವರೂ ಒಳಗಿರಿ, ನಾನೂ ಇದೂ ಆಚೆ ಇರ್ತೀವಿ" ಎಂದು ಆಕೆ ಬಟ್ಟಲನ್ನು ಗ್ಯಾರೇಜಿಗೆ ಒಯ್ದರು. ಎರಡು ಚಳಿಗಾಲ ಅಲ್ಲೇ ಕಾಫಿ ಕುಡಿದರು. ಹಟಮಾರಿ ಎಂದುಕೊಂಡರೇ ಹೊರತು ಒಳಗೆ ಬಾ ಎಂದು ಅಶ್ವತ್ಥನಾರಾಯಣರು ಒಂದು ದಿನವೂ ಕರೆಯಲಿಲ್ಲ.

ದಹನವಾದ ಮಾರನೆಯ ದಿನ ಅಳಿಯ ಸುಪ್ರೀತನನ್ನು ಕರೆದು, "ಆ ಬಟ್ಟಲು ಕಸಕ್ಕೆ ಹಾಕಪ್ಪ. ಅವಳ ಸದ್ಗತಿಗೆ ಅಡ್ಡಿ ಆಗಬಾರದು" ಎಂದರು.

"ಇನ್ನೊಂದ್ಸಲ ಯೋಚ್ನೆ ಮಾಡಿ ಮಾವ. ಅತ್ತೆಗೆ ತುಂಬಾ ಇಷ್ಟ ಇತ್ತು."

"ಅದಕ್ಕೇ ಹೇಳ್ತಿರೋದು."

ಮಂಗಳವಾರ ಕಸದ ಲಾರಿ ಬಂದು ಹೋಯಿತು.

ಒಂಬತ್ತನೆಯ ದಿನ ರಾಜೇಶ್ವರಿ ಹತ್ತಿರದ ಸಮಾಮಿಶ್ ಊರಿನಿಂದ ಮಾತಾಡಿಸಲು ಬಂದರು. ಸೂತಕದ ಮನೆಯಲ್ಲವೇ, ನೀರೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಕುಳಿತಿದ್ದು, "ಸಾರ್, ವಸಂತಕ್ಕನ ಬಟ್ಟಲು ಒಂದ್ಸಲ ನೋಡ್ಬಹುದಾ?" ಎಂದರು.

"ಮೂಳೇದು ಅಂತ ಕಸಕ್ಕೆ ಹಾಕಿಸ್ಬಿಟ್ಟೆ."

ರಾಜೇಶ್ವರಿ ಫೋನ್ ತೆಗೆದರು. ಅದರಲ್ಲಿ ಒಂದು ಫೋಟೋ ತೋರಿಸಿದರು: ಬಟ್ಟಲಿನ ತಳದಲ್ಲಿ ನೀಲಿ ಅರ್ಧಚಂದ್ರದ ಮುದ್ರೆ.

"ಇದು ವೂಸ್ಟರ್ ಅನ್ನೋ ಊರಿಂದು ಸಾರ್. ಆ ಕಾಲದಲ್ಲಿ ಅಲ್ಲಿ ಮೂಳೆ ಹಾಕ್ತಿರ್ಲಿಲ್ಲ, ಬಳಪದ ಕಲ್ಲು ಅರೆದು ಹಾಕ್ತಿದ್ರು. ಟಾರ್ಚ್ ಬಿಟ್ರೆ ತೆಳು ಹಸಿರು ಕಾಣತ್ತೆ, ನಾವಿಬ್ರೂ ನೋಡಿದ್ವಿ. ಅಕ್ಕ ಹುಡುಕಿ ಹುಡುಕಿ ಅದನ್ನೇ ತೊಗೊಂಡಿದ್ದು, ನಿಮ್ಮ ಮಡಿಗೆ ಆಗ್ಲಿ ಅಂತ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಕ್ಕೆ ಹೋದ್ರೆ ಸಾಕು ಅಂತ ಕೈ ಎತ್ತಿಬಿಟ್ರು ಅಂತಿದ್ರು. ಒಂದಿನ ತಾವೇ ಕೇಳ್ತಾರೆ ಬಿಡು ಅಂತ ನಗ್ತಿದ್ರು."

ಬಳಪದ ಕಲ್ಲು. ಅವರ ತಾಯಿ ಮಡಿಯುಟ್ಟು ಗೊಜ್ಜು ಕುದಿಸುತ್ತಿದ್ದ ಕಲ್ಚಟ್ಟಿಯ ಕಲ್ಲು. ಸುಪ್ರೀತ್ ಕಸದ ಕಂಪನಿಗೆ ಎರಡು ಸಲ ಫೋನ್ ಮಾಡಿದ. "ಇನ್ನು ಸಿಗಲ್ಲ ಮಾವ" ಎಂದ. ಅವರು ತಲೆಯಾಡಿಸಿದರು. ಸಿಕ್ಕಿದ್ದರೂ ಅದರಲ್ಲಿ ಕುಡಿಯುವವಳನ್ನು ಎಲ್ಲಿಂದ ತರುವುದು?

ಮರುದಿನ ಧರ್ಮೋದಕ. ಪುರೋಹಿತರು ಹೇಳಿಕೊಟ್ಟಂತೆ ಎಳ್ಳು ನೀರು ಬಿಟ್ಟರು. ಮಂತ್ರ ಮುಗಿದ ಮೇಲೂ ಅವರು ಮೇಲೇಳಲಿಲ್ಲ. ಪುರೋಹಿತರು ಕಾದರು. ಅಶ್ವತ್ಥನಾರಾಯಣರು ಕೈ ಜೋಡಿಸಿ, ಮನೆಯಲ್ಲಿ ಆಡುವ ಕನ್ನಡದಲ್ಲೇ ಬೇಡಿಕೊಂಡರು:

"ನಾರಾಯಣ, ನಾನು ಅವಳ ಮಾತು ಕೇಳಲಿಲ್ಲ. ಆ ಪಾಪ ನನ್ನ ತಲೆಯ ಮೇಲೇ ಇರಲಿ, ಅವಳಿಗೆ ತಗುಲಿಸಬೇಡ. ಅವಳು ಏನೋ ಹೇಳಬೇಕು ಅಂತ ಬಂದರೆ ಕೂರಿಸಿಕೊಂಡು ಕೇಳು. ನನ್ನ ವಸಂತಾಗೆ ಶಾಂತಿ ಕೊಡಪ್ಪ."