ತಂತಿ ಸುತ್ತಿದ ಡಬ್ಬಿ

ಇಳಕಲ್ಲಿನ ಹುಚ್ಚಪ್ಪನ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಿಂದ ಹೊರಟ ಮೊದಲ ಕಂಟೇನರು ಹಡಗು ಹತ್ತಲೇ ಇಲ್ಲ, ಬಂದರಿನಲ್ಲೇ ನಿಂತುಬಿಟ್ಟಿತು. ಸಮುದ್ರದ ದಾರಿಯಿಂದ ಬಂದವರು ಮುಂಬೈಯಲ್ಲಿ ದಾಳಿ ಮಾಡಿದ ಮರುವರ್ಷ ಅದು. ಬಂದರಿನವರು ತಮ್ಮ ನೆರಳನ್ನೂ ನಂಬುತ್ತಿರಲಿಲ್ಲ. ಅಲ್ಲಿಂದ ಏಜೆಂಟ ಫೋನು ಮಾಡಿದ.

"ಸ್ಕ್ಯಾನ್‌ದಾಗ ಬಾಗಲದ ಹತ್ರ ಏನೋ ಕಾಣತೈತ್ರಿ. ತಗಡಿನ ಡಬ್ಬಿ, ಮ್ಯಾಲ ತಂತಿ ಸುತ್ತೈತಿ. ಪೊಲೀಸರು ಬಂದಾರ. ಕಡೀಕ ಬಾಗಲಾ ಹಾಕಿದವ್ರು ಯಾರ್ರಿ?"

ಹುಚ್ಚಪ್ಪನ ಕಣ್ಣು ಅಂಗಳದಲ್ಲಿ ಕಲ್ಲು ತೊಳೆಯುತ್ತಿದ್ದ ಇರ್ಫಾನನ ಮೇಲೆ ಹೋಯಿತು. ಬಾಗಿಲು ಹಾಕಿದವನು ಅವನೇ. ತನ್ನ ಜೊತೆಯಲ್ಲಿ ದುಡಿದ ಚಮನಸಾಬನ ಮಗ, ನಿನ್ನೆಯವರೆಗೂ ಮನೆಯವನಂತೆ ಇದ್ದವನು. ಈಗ ಅವನು ಮಾಡಿದ್ದರಲ್ಲೆಲ್ಲ ಏನೋ ಇದ್ದಂತಿತ್ತು. ಅವತ್ತು ಕಂಟೇನರಿನ ಬಾಗಿಲಿಗೆ ಸೀಲಿನ ಬೋಲ್ಟು ಹಾಕುವ ಮುಂಚೆ ಯಾರಿಗೋ ಫೋನು ಮಾಡಿದ್ದನಲ್ಲ? ತಾನು ಹತ್ತಿರ ಹೋದಾಗ ಮಾತು ನಿಲ್ಲಿಸಿದ್ದನಲ್ಲ? ತಲೆ ಒಮ್ಮೆ ಕೆಟ್ಟರೆ ಮುಗಿಯಿತು, ಎದುರಿನವನು ಕೆಮ್ಮಿದರೂ ಸಂಚಿನಂತೆ ಕೇಳಿಸುತ್ತದೆ.

"ಇರ್ಫಾನಾ, ಕಂಟೇನರ್‌ದಾಗ ಏನ್ ಇಟ್ಟಿದ್ದಿ?"

"ಕಲ್ಲು ಬಿಟ್ರ ಏನೂ ಇಲ್ರಿ, ಸಾವಕಾರ್ರ."

"ಖರೆ ಹೇಳು."

"ಖರೇನ ಹೇಳಾಕತ್ತೇನ್ರಿ."

ಹುಚ್ಚಪ್ಪ ನಂಬಲಿಲ್ಲ. ಅವನೆದುರೇ ಅವನ ಹೆಸರು, ಅಪ್ಪನ ಹೆಸರು, ಓಣಿ ಎಲ್ಲವನ್ನೂ ಫೋನಿನಲ್ಲಿ ಏಜೆಂಟನಿಗೆ ಹೇಳಿಬಿಟ್ಟ. ಇರ್ಫಾನ ನಲ್ಲಿ ನಿಲ್ಲಿಸಿ ಪೈಪು ಕೆಳಗಿಟ್ಟ.

ಚಹಾ ತಂದ ಹುಚ್ಚಪ್ಪನ ತಾಯಿ ಮುತ್ತವ್ವ ಡಬ್ಬಿಯ ಸುದ್ದಿ ಕೇಳಿ ಗಾಬರಿಯಾದಳು.

"ಆ ಡಬ್ಬಿ ನಂದಪಾ."

"ಏನ್ ಬೇ ಯವ್ವಾ?"

"ಮನಿ ಮಗಳು ಹೊಂಟ್ರ ಬರೇ ಉಡಿಲೆ ಕಳಸ್ತೇವೇನು? ಇದು ಮೊದಲ್ನೇ ಮಾಲು, ನೀರ ಮ್ಯಾಲ ಹೋಗೂದು. ಅದಕ್ಕ ಉಡಿ ತುಂಬಿದೆ. ಅಕ್ಕಿ, ಒಣಕೊಬ್ರಿ, ಒಂದ್ ಕುಬಸದ ಖಣ. ಹಡಗದಾಗ ಇಲಿ ತಿಂದಾವಂತ ಡಬ್ಬ್ಯಾಗ ಹಾಕಿ ತಂತಿ ಬಿಗದೆ. ಇರ್ಫಾನ ನೀರ ಕುಡಿಯಾಕ ಹೋಗಿದ್ದ, ಅವಾಗ ಬಾಗಲದ ಹತ್ರ ಇಟ್ಟೆ. ನಿನಗ ಹೇಳಿದ್ರ ನಗತಿದ್ದಿ."

ಬಂದರಿನಲ್ಲಿ ಡಬ್ಬಿ ತೆರೆದರು, ಅಕ್ಕಿ ನೋಡಿ ನಕ್ಕರು, ಕಂಟೇನರು ಮುಂದಿನ ಹಡಗಿಗೆ ಹೋಯಿತು. ಕೊಟ್ಟ ಹೆಸರು ಮಾತ್ರ ಅಷ್ಟು ಸುಲಭವಾಗಿ ವಾಪಸು ಬರಲಿಲ್ಲ. ಪೊಲೀಸರು ಚಮನಸಾಬನ ಮನೆಯ ಪೆಟ್ಟಿಗೆಗಳನ್ನೆಲ್ಲ ಬೋರಲು ಹಾಕಿ ನೋಡಿದರು. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ಹುಚ್ಚಪ್ಪನಿಗೆ ನಾಚಿಕೆಯಾಯಿತು, ಆದರೆ ಆ ಓಣಿಗೆ ಹೋಗುವ ಧೈರ್ಯ ಬರಲಿಲ್ಲ.

ಎರಡನೆಯ ಕಂಟೇನರು ತುಂಬಿದ ದಿನ ಮುತ್ತವ್ವ ಉಡಿ ತರಲಿಲ್ಲ. ಇರ್ಫಾನ ಬೋಲ್ಟು ಕೈಯಲ್ಲಿ ಹಿಡಿದು ನಿಂತಿದ್ದ.

"ಹಾಕಪಾ," ಎಂದ ಹುಚ್ಚಪ್ಪ.

"ನೀವು ಒಳಗ ಹೋಗಿ ನೋಡಿ ಬರ್ರಿ."

"ನನಗ ನಿನ್ ಮ್ಯಾಲ ನಂಬಿಗಿ ಐತಿ."

"ಅವತ್ತೂ ಇತ್ತಲ್ರಿ," ಎಂದ ಇರ್ಫಾನ.

ಹುಚ್ಚಪ್ಪ ಟಾರ್ಚು ತೆಗೆದುಕೊಂಡು ಒಳಗೆ ಹೋದ.