ಹೇಮಾವತಿಯ ಕ್ರಿಯಾ ಸಂಶೋಧನೆ

ಹಿಂದೂಪುರದ ಖಾಸಗಿ ಡಿಗ್ರಿ ಕಾಲೇಜೊಂದರಲ್ಲಿ ಹೇಮಾವತಿ ಹನ್ನೆರಡು ವರ್ಷದಿಂದ ಇನ್‌ಚಾರ್ಜ್ ವೈಸ್ ಪ್ರಿನ್ಸಿಪಾಲ್. ಇನ್‌ಚಾರ್ಜ್ ಎಂದರೆ ಕೆಲಸವೆಲ್ಲ ಅವಳದು, ಕುರ್ಚಿ ಮಾತ್ರ ಅಲ್ಲ. ಆಡಳಿತ ಮಂಡಳಿ ಕಲ್ಯಾಣದುರ್ಗದಲ್ಲಿ ಹೊಸ ಕಾಲೇಜು ತೆರೆದಾಗ, ಅಲ್ಲಿನ ಪ್ರಿನ್ಸಿಪಾಲ್ ಕುರ್ಚಿ ತನಗೇ ಬರಬೇಕೆಂದು ಅವಳು ಯಾರಿಗೂ ಹೇಳಲಿಲ್ಲ. ಮನಸ್ಸು ಮಾತ್ರ ಆಗಲೇ ಹೋಗಿ ಕೂತಿತ್ತು. ಆ ಕುರ್ಚಿ ಬೇಕೆನ್ನುವವರಿಗೆ ಮಂಡಳಿಯವರು ಷರತ್ತು ಹಾಕಿದರು: ನಾಯಕತ್ವಕ್ಕಾಗಿ ಕ್ರಿಯಾ ಸಂಶೋಧನೆ. ನಿಮ್ಮ ಕೆಲಸದಲ್ಲೇ ಒಂದು ಕುಂದು ಹುಡುಕಿ, ಬದಲಾಯಿಸಿ ನೋಡಿ, ಆದದ್ದನ್ನು ಆದಂತೆ ಬರೆದು ತನ್ನಿ.

ಕುಂದಿಗೇನು ಬರ? ಸ್ಟಾಫ್ ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ ಎಂಬುದನ್ನು ಅವಳು ಆರಿಸಿಕೊಂಡಳು.

ಮೊದಲ ಸುತ್ತಿನಲ್ಲಿ "ಎಲ್ಲರೂ ಮಾತಾಡಿ" ಎಂದಳು. ಎಲ್ಲರೂ ಟೀ ಕುಡಿದರು. ಆಮೇಲೆ ನಡಾವಳಿ ಪುಸ್ತಕ ತೆರೆದು ನೋಡಿದರೆ, ಆ ದಿನದ ನಿರ್ಣಯಗಳೆಲ್ಲ ಸರ್ವಾನುಮತದಿಂದ ಪಾಸಾಗಿ, ಕೆಳಗೆ ಹದಿನಾಲ್ಕು ಸಹಿಯೂ ಬಿದ್ದಿದ್ದವು.

"ಇದ್ಯಾವಾಗ ಬರೆದ್ರಿ ಲಿಂಗಣ್ಣ?"

"ಬೆಳಿಗ್ಗೇನೇ ಮೇಡಂ," ಎಂದ ಗುಮಾಸ್ತ ಲಿಂಗಣ್ಣ. "ಮೀಟಿಂಗ್ ಆದ್ಮೇಲೆ ಯಾರೂ ನಿಲ್ಲಾಕಿಲ್ಲ, ಲೇಪಾಕ್ಷಿ ಬಸ್ ಹೊಂಟೋಯ್ತದೆ. ಅದ್ಕೇ ಒಳಕ್ಕೆ ಬತ್ತಿದ್ದಂಗೇ ಸಹಿ ಹಾಕುಸ್ಕೊಂಬುಡ್ತೀನಿ."

ಎರಡನೇ ಸುತ್ತಿನಲ್ಲಿ ಅವಳು ಖಾಲಿ ಪುಟ ತೆರೆದಿಟ್ಟು, ತಾನೇ ಪೆನ್ನು ಹಿಡಿದು ಕೂತಳು. ಬರೆಯುವುದಕ್ಕೆ ಏನಾದರೂ ಬೇಕಲ್ಲ. ಹತ್ತು ನಿಮಿಷ ಕಳೆದ ಮೇಲೆ ಕಾಮರ್ಸಿನ ಪದ್ಮಲತಾ ಬಾಯಿ ಬಿಟ್ಟಳು.

"ನಿಮ್ಮ ಸಂಜೆ ಸ್ಪೆಷಲ್ ಕ್ಲಾಸಿಗೆ ಒಬ್ರೂ ಬರಲ್ಲ ಮೇಡಂ. ಹಾಜರಿ ನಾವೇ ಹಾಕ್ತೀವಿ."

ಉಳಿದ ಹದಿಮೂರು ಮಂದಿಯೂ ಶುರುಮಾಡಿದರು. ಸಂಜೆ ಕ್ಲಾಸು ಹೇಮಾವತಿಯ ಹೆಮ್ಮೆಯ ಯೋಜನೆ; ಅದನ್ನೇ ತೋರಿಸಿ ಕಲ್ಯಾಣದುರ್ಗಕ್ಕೆ ಹೋಗಬೇಕೆಂದಿದ್ದಳು. ಸಿಟ್ಟೂ ಬಂತು, ಅವಮಾನವೂ ಆಯಿತು. ಒಂದಕ್ಷರ ಬಿಡದೆ ಬರೆದುಕೊಂಡಳು.

ಕಲ್ಯಾಣದುರ್ಗದ ಆಫೀಸಿನಲ್ಲಿ ಮಂಡಳಿಯ ಅಧ್ಯಕ್ಷ ಉಜ್ಜಿನಪ್ಪನವರು ವರದಿ ಓದಿ ಕನ್ನಡಕ ತೆಗೆದರು.

"ಏನಮ್ಮಾ, ನಿಮ್ಮೋರು ನಿನ್ನ ಅಂದಿದ್ದೆಲ್ಲ ಬರ್ಕೊಂಡು ಬಂದ್ಬುಟ್ಟಿದ್ದೀಯ! ಇದೊಂದು ಪುಟ ತೆಗೆದಾಕು ಕಣಮ್ಮ. ಎಲ್ರೂ ಒಪ್ಪಿದ್ರು ಅಂತ ಬರಿ. ಆರ್ಡರ್ ರೆಡಿ ಐತೆ, ನನ್ನ ಸಂತಕಂ ಒಂದೇ ಬಾಕಿ, ಸಹಿ ಹಾಕುದ್ರೆ ಮುಗೀತು."

ಆರ್ಡರ್ ಮೇಜಿನ ಮೇಲೆಯೇ ಇತ್ತು. ಅದರಲ್ಲಿ ಅವಳ ಹೆಸರಿತ್ತು, ಇನ್‌ಚಾರ್ಜ್ ಎಂಬ ಮಾತಿರಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಹೇಮಾವತಿಗೆ ಅದು ಬೇಕೇ ಬೇಕಿತ್ತು.

ಅವಳು ವರದಿಯನ್ನು ಹತ್ತಿರ ಎಳೆದುಕೊಂಡು ಪೆನ್ನು ತೆಗೆದಳು. ಉಜ್ಜಿನಪ್ಪನವರು ಸಮಾಧಾನದಿಂದ ಬೆಲ್ ಒತ್ತಿ ಎರಡು ಟೀ ಹೇಳಿದರು.

'ಮೂರನೇ ಸುತ್ತು' ಎಂದು ತಲೆಬರಹ ಕೊಟ್ಟು, ದಿನಾಂಕ ಹಾಕಿ, ಕೆಳಗೆ ಬರೆದಳು: 'ಎರಡನೇ ಸುತ್ತಿನ ಪುಟ ತೆಗೆಯಲು ಅಧ್ಯಕ್ಷರು ಹೇಳಿದರು. ತೆಗೆದರೆ ಹುದ್ದೆ ಸಿಗುತ್ತಿತ್ತು. ತೆಗೆಯಲಿಲ್ಲ.'

ಶಾಯಿ ಒಣಗುವವರೆಗೆ ಕಾದು, ಪುಟವನ್ನು ಅವರ ಕಡೆ ತಿರುಗಿಸಿಟ್ಟು ಎದ್ದಳು.