ಎರಡೇ ಬಾಗಿಲಿನ ಕಾರು

ಆ ಮನೆಯಲ್ಲಿ ದೊಡ್ಡ ತೀರ್ಮಾನಗಳೆಲ್ಲ ಆಗುವುದು ಡಾಕ್ಟರಮ್ಮ ದಣಿದಿರುವಾಗಲೇ. ಅವತ್ತೂ ಹಾಗೇ ಆಯಿತು. ಬೆಳಗಿನಿಂದ ಜನರ ಬಾಯೊಳಗೆ ಬಗ್ಗಿ ಬಗ್ಗಿ ನೋಡಿ, ಕೊನೆಗೆ ಒಂದು ಹಠಮಾರಿ ದವಡೆಹಲ್ಲು ಕಿತ್ತು, ನೋಯುವ ಕತ್ತು ಹಿಡಿದುಕೊಂಡು ಊಟಕ್ಕೆ ಕೂತಿದ್ದರು. ಎದುರಿಗೆ ಗಂಡ, ಕಾಲೇಜಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಮೇಜಿನ ಮೇಲಿಟ್ಟ ಫೋನಿನಲ್ಲಿ ಮಗಳ ದನಿ. ಮಗಳು, ಅಳಿಯ, ಅವರ ಅವಳಿ ಕೂಸುಗಳು ಇನ್ನು ಇದೇ ಮನೆಗೆ ಬಂದು ಇರುತ್ತಾರೆ. ಎಲ್ಲರೂ ಕೂರುವಂಥ ದೊಡ್ಡ ಕಾರು ಬೇಕು. ಇರುವುದು ಒಂದೇ ಗ್ಯಾರೇಜು, ಅದರಲ್ಲಿ ಡಾಕ್ಟರಮ್ಮನ ಎರಡು ಬಾಗಿಲಿನ ಕಾರು ಜಾಗ ಹಿಡಿದು ಕೂತಿದೆ.

"ಅದನ್ನ ಮಾರಿಬಿಡೋಣ. ಅಮ್ಮಂಗೆ ಒಪ್ಪಿಗೆ ತಾನೆ?" ಎಂದಳು ಮಗಳು.

ಡಾಕ್ಟರಮ್ಮ "ಹೂಂ" ಅಂದುಬಿಟ್ಟರು. ಬಾಯಲ್ಲಿ ತುತ್ತಿತ್ತು. ಬಾಯಿ ಬಿಡುವಿಲ್ಲದಾಗ ಬಂದ ಹೂಂಗೆ ಎಷ್ಟು ಬೆಲೆ ಎನ್ನುವುದು ಹಲ್ಲಿನ ಡಾಕ್ಟರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರೆಲ್ಲ ಏನು ಕೇಳಿದರೂ ಹೂಂ ಅನ್ನುವವರೇ. ಆದರೆ ಮೇಷ್ಟ್ರು ಆ ಒಂದು ಹೂಂ ಅನ್ನೇ ಶಿಲಾಶಾಸನ ಮಾಡಿಕೊಂಡು, ಮರುದಿನವೇ ಜಾಹೀರಾತು ಹಾಕಿದರು.

ಆ ಕಾರೋ, ಇಂಜಿನ್ನು ಸುಟ್ಟುಹೋಗಿ ಯಾರೂ ಮೂಸಿ ನೋಡದೆ ಬಿದ್ದಿದ್ದದ್ದು. ಡಾಕ್ಟರಮ್ಮ ನಲವತ್ತು ದಾಟಿದ ಮೇಲೆ ಅದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದಾಗ ಬೀದಿಯ ಜನ ಕಿಟಕಿಗೆ ಬಂದು ನಕ್ಕಿದ್ದರು. ನಗುವವರ ಹಲ್ಲು ಹೇಗೂ ಒಂದು ದಿನ ತಮ್ಮ ಕೈಗೇ ಬರಬೇಕು ಎಂದು ಇವರು ಸುಮ್ಮನಿದ್ದರು. ಆಮೇಲೆ ಭಾನುವಾರಗಳೆಲ್ಲ ಗ್ಯಾರೇಜಿನಲ್ಲೇ ಕಳೆದವು. ರೇಸಿನವರು ಹಾಕಿಸುವ ಗಟ್ಟಿ ಪಿಸ್ಟನ್ನು ತರಿಸಿದರು, ಇಂಜಿನ್ನಿಗೆ ಗಾಳಿ ತುರುಕುವ ದೊಡ್ಡ ಟರ್ಬೊ ಕೂರಿಸಿದರು, ಹಿಂದಿನ ಸೀಟು ಕಿತ್ತೆಸೆದು, ಕಾರು ಮಗುಚಿದರೂ ತಲೆ ಉಳಿಯಲೆಂದು ಉಕ್ಕಿನ ಕೊಳವೆಗಳ ಪಂಜರ ಬೆಸೆಸಿದರು. ಇಂಜಿನ್ನಿಗೆ ಗಾಳಿ ಹೋಗುವ ದಾರಿಗಳನ್ನು ಹಲ್ಲು ಕೊರೆಯುವ ಡ್ರಿಲ್ಲಿನಿಂದ ತಾವೇ ಉಜ್ಜಿ ಉಜ್ಜಿ ನುಣುಪು ಮಾಡಿದರು. ಅಯ್ಯೋ ಅನ್ನದ, ಉಗುಳದ, ಇಂಥ ಒಳ್ಳೆಯ ರೋಗಿ ತನಗೆ ಇನ್ನೊಬ್ಬ ಸಿಕ್ಕಿಲ್ಲ ಎನ್ನುತ್ತಿದ್ದರು.

ಕೊಳ್ಳುವವರು ಬರುವ ದಿನ ಬೆಳಿಗ್ಗೆ ಡಾಕ್ಟರಮ್ಮ ಸ್ನಾನದಲ್ಲಿದ್ದಾಗ ಗ್ಯಾರೇಜಿನಿಂದ ಇಂಜಿನ್ನು ಕಿರುಚಿದ್ದು ಕೇಳಿಸಿತು. ಒದ್ದೆ ತಲೆಗೆ ಟವಲು ಸುತ್ತಿಕೊಂಡೇ ಓಡಿದರು. ಮೇಷ್ಟ್ರು ಸ್ಟೀರಿಂಗ್ ಹಿಡಿದು ಕೂತು ಆಕ್ಸಿಲರೇಟರನ್ನು ಒತ್ತಿ ಒತ್ತಿ ಬಿಡುತ್ತಿದ್ದರು.

"ರೀ! ಆರಿಸಿ ಮೊದ್ಲು! ಯಾರ್ರೀ ಹೇಳಿದ್ದು ನಿಮಗೆ?"

"ಬಿಸಿ ಮಾಡ್ತಿದೀನಿ ಕಣೇ. ತಣ್ಣಗಿದ್ದಾಗ ಟಕಟಕಾ ಅಂತ ಹೊಡ್ಕೊಳುತ್ತಲ್ಲ ನಿನ್ ಗಾಡಿ, ಬಂದೋರು ಕೇಳಿದ್ರೆ ಓಡಿಹೋಗ್ತಾರೆ. ಈಗ ಕೇಳು, ಬೆಣ್ಣೆ ಇದ್ದಂಗಿದೆ."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು ಮೇಷ್ಟ್ರು. ಆ ಜಾತಿಯ ಪಿಸ್ಟನ್ನು ತಣ್ಣಗಿದ್ದಾಗ ತುಸು ಸಡಿಲ. ಕಾವು ಹತ್ತಿ ಹಿಗ್ಗುವ ತನಕ ಟಕಟಕ ಅನ್ನಲೇಬೇಕು. ಅದು ರೋಗವಲ್ಲ, ಸ್ವಭಾವ. ಇನ್ನು ಇಂಥ ಕಾರು ಕೊಳ್ಳುವವರದೂ ಒಂದು ಪದ್ಧತಿ ಇದೆ. ಬಂದವರು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ. ತಣ್ಣಗಿದ್ದರೆ ಮುಂದಿನ ಮಾತು. ಬೆಚ್ಚಗಿದ್ದರೆ, ಮಾರುವವರು ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ.

ಬಂದವರು ಟೈರು ಅಂಗಡಿಯ ಯಜಮಾನರು. ನಮಸ್ಕಾರ ಹೇಳುವ ಮೊದಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಹಾಗೇ ತೆಗೆದುಬಿಟ್ಟರು.

"ಬಿಸಿ ಮಾಡಿದ್ದು ಯಾರು?"

ಮೇಷ್ಟ್ರು ಎರಡೂ ಕೈಗಳನ್ನು ಜೇಬಿಗೆ ಸೇರಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ, ಪಾಪ.

"ಇಂಜಿನ್ನಲ್ಲಿ ಏನೋ ಇದೆ ಅಂತಾಯ್ತು. ಬೆಲೆ ಇಳಿಸಿ ಡಾಕ್ಟ್ರೇ, ಇಲ್ಲಾಂದ್ರೆ ನಾನು ಹೊರಟೆ," ಎಂದರು ಟೈರಿನವರು.

ಹೊರಡಿ ಎಂದುಬಿಟ್ಟಿದ್ದರೆ ಕಾರು ಉಳಿಯುತ್ತಿತ್ತು, ಗಂಡನ ಮೇಲೆ ತಪ್ಪು ಹೊರಿಸಿ ಹಾಯಾಗಿ ಇರಬಹುದಿತ್ತು. ಆದರೆ ತನ್ನ ಕೈಕೆಲಸದ ಮೇಲೆ ಒಬ್ಬರು ಸುಳ್ಳಿನ ಮಸಿ ಬಳಿದು ಹೋಗುವುದೇ? ಡಾಕ್ಟರಮ್ಮನಿಗೆ ನಖಶಿಖಾಂತ ಉರಿಯಿತು.

"ಬೆಲೆನೂ ಇಳಿಸಲ್ಲ, ನಾನೂ ಇಳಿಯಲ್ಲ. ಮುಚ್ಚಿಡೋಂಥದ್ದು ಇದರಲ್ಲಿ ಏನೂ ಇಲ್ಲ. ಸಂಜೆ ಬನ್ನಿ, ತಣ್ಣಗಾಗಿರತ್ತೆ. ನಿಮ್ಮ ಎದುರಿಗೇ ಸ್ಟಾರ್ಟ್ ಮಾಡ್ತೀನಿ. ಅಲ್ಲಿವರೆಗೂ ಕೀ ನನ್ನ ಹತ್ರ."

ಮಧ್ಯಾಹ್ನವೆಲ್ಲ ಬಾನೆಟ್ಟು ತೆರೆದಿಟ್ಟು ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಮೇಷ್ಟ್ರು ಎರಡು ಸಲ ಬಂದು ಇಣುಕಿ, ಮೂರನೆಯ ಸಲ ಧೈರ್ಯ ಮಾಡಿ ಚಹಾ ತಂದರು.

"ನಿನ್ನ ಒಳ್ಳೇದಕ್ಕೇ ಮಾಡ್ದೆ."

"ಗೊತ್ತು. ಇನ್ಮೇಲೆ ಸ್ವಲ್ಪ ಕಡಿಮೆ ಒಳ್ಳೇದು ಮಾಡಿ."

ಸಂಜೆ ಟೈರಿನವರು ಹೇಳಿದ ಹೊತ್ತಿಗೆ ಬಂದರು. ಇಂಜಿನ್ನಿನ ಮೇಲೆ ಅಂಗೈ ಇಟ್ಟರು, ತಣ್ಣಗಿದೆ ಎಂದು ತಲೆಯಾಡಿಸಿದರು. ಡಾಕ್ಟರಮ್ಮ ಕೀ ತಿರುಗಿಸಿದರು. ಇಂಜಿನ್ನು ಟಕಟಕ ಎಂದು ಊರಿಗೆಲ್ಲ ಕೇಳುವ ಹಾಗೆ ಹೊಡೆದುಕೊಂಡಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಟೈರಿನವರು ಮಾತ್ರ ಕಿವಿ ಹತ್ತಿರ ತಂದು ಕೇಳುತ್ತ ಕೇಳುತ್ತ ಮುಖ ಅರಳಿಸಿದರು.

"ರೇಸಿನ ಫೋರ್ಜ್ಡ್ ಪಿಸ್ಟನ್ನಾ? ಇದನ್ನ ಯಾಕೆ ಸ್ವಾಮಿ ಮುಚ್ಚಿಟ್ರಿ? ಬೆಳಿಗ್ಗೇನೇ ಕೇಳಿಸಿದ್ರೆ ಆಗ್ಲೇ ತಗೊಂಡು ಹೋಗ್ತಿದ್ದೆ!"

ಓಡಿಸಿ ನೋಡಲು ಟೈರಿನವರು ಸ್ಟೀರಿಂಗಿಗೆ ಕೂತರು. ಡಾಕ್ಟರಮ್ಮ ಪಕ್ಕದ ಸೀಟಿಗೆ. ಇಷ್ಟು ವರ್ಷದಲ್ಲಿ ತಮ್ಮ ಕಾರಿನ ಈ ಸೀಟಿನಲ್ಲಿ ಅವರು ಕೂತಿದ್ದು ಅದೇ ಮೊದಲು. ಟೈರಿನವರು ಇಂಜಿನ್ನು ಬಿಸಿಯಾಗುವ ತನಕ ಮೆಲ್ಲಗೆ ಓಡಿಸಿದರು, ದೊಡ್ಡ ರಸ್ತೆ ಸಿಕ್ಕ ಮೇಲೆ ಒತ್ತಿದರು, ಗೇರನ್ನು ಎಲ್ಲಿ ಬದಲಿಸಬೇಕೋ ಅಲ್ಲೇ ಬದಲಿಸಿದರು. ಆಡಿಕೊಳ್ಳಲು ಒಂದು ತಪ್ಪೂ ಸಿಗಲಿಲ್ಲ. ಅವರು ಗೇರು ಹಾಕಿದಾಗಲೆಲ್ಲ ಡಾಕ್ಟರಮ್ಮನ ಕಾಲು ಅಲ್ಲಿಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ತಡೆದುಕೊಂಡರೂ ಒತ್ತುತ್ತಿತ್ತು. ಟರ್ಬೊ ಸಿಳ್ಳೆ ಹಾಕಿ ಬೆನ್ನು ಸೀಟಿಗೆ ಅಂಟಿದಾಗ ಅವರಿಗೆ ಖುಷಿಯಾಗಲಿಲ್ಲ, ಹೊಟ್ಟೆಕಿಚ್ಚಾಯಿತು. ತಮ್ಮ ತಾಟಿನ ಊಟವನ್ನು ಇನ್ನೊಬ್ಬರು ಉಣ್ಣುವುದನ್ನು ನೋಡುತ್ತ ಕೂತ ಹಾಗಿತ್ತು.

ಗ್ಯಾರೇಜಿಗೆ ಮರಳಿದ ಮೇಲೆ ಟೈರಿನವರು ಚೌಕಾಸಿಯ ಮಾತೇ ಎತ್ತಲಿಲ್ಲ. "ಕೇಳಿದಷ್ಟೂ ಕೊಡ್ತೀನಿ. ಒಂದು ಬೋಲ್ಟೂ ಬದಲಾಯಿಸಲ್ಲ. ಮನೆ ಮಗಳ ಥರ ನೋಡ್ಕೋತೀನಿ ಡಾಕ್ಟ್ರೇ," ಎಂದರು. ಮನಸ್ಸಿಟ್ಟೇ ಹೇಳಿದರು.

ಡಾಕ್ಟರಮ್ಮ ಒಂದು ನೆಪಕ್ಕಾಗಿ ತಡಕಾಡಿದರು. ಜೀವಮಾನವೆಲ್ಲ ನೆಪ ಹೇಳಿಯೇ ಬದುಕಿದವರು ಅವರು. ಕಾರು ತಂದಾಗ ಪುಕ್ಕಟೆಗೆ ಸಿಕ್ಕಿತು ಎಂದಿದ್ದರು, ಬಿಚ್ಚಿ ಕಟ್ಟುವಾಗ ಬೆರಳಿಗೆ ಅಭ್ಯಾಸ ಎಂದಿದ್ದರು. ಈಗ ಕೊಳ್ಳುವವರು ಒಳ್ಳೆಯವರು, ಬೆಲೆ ಸರಿಯಾದದ್ದು, ಮಗಳ ಕಷ್ಟವೂ ನಿಜವೇ. ಹಿಡಿದುಕೊಳ್ಳಲು ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

"ಎರಡು ಸಲ ಓಡಾಡಿಸಿದೆ, ಕ್ಷಮಿಸಿ. ಕಾರು ಕೊಡಲ್ಲ," ಎಂದರು.

ಟೈರಿನವರ ಮುಖ ಕೆಂಪಾಯಿತು. "ಮಾರ್ತೀವಿ ಅಂತ ಹಾಕಿದೋರು ನೀವೇ ಅಲ್ವಾ? ಈಗ ಏನಾಯ್ತು? ಇನ್ನೂ ಜಾಸ್ತಿ ಬೇಕಾ?"

"ಬೇಡ. ನಿಮ್ಮಲ್ಲಿ ಏನೂ ತಪ್ಪಿಲ್ಲ. ನನ್ನ ಮಾತೇ ತಪ್ಪು. ಬಯ್ಯೋದಾದ್ರೆ ಬೈದು ಹೋಗಿ."

ಅವರು ಬಯ್ಯಲಿಲ್ಲ. ಗೇಟನ್ನು ಮಾತ್ರ ಧಡಾರನೆ ಹಾಕಿಕೊಂಡು ಹೋದರು. ಅಷ್ಟು ಹಕ್ಕು ಅವರಿಗಿತ್ತು.

ಮೇಷ್ಟ್ರಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು. "ಈಗ ಮಗಳಿಗೆ ಏನಂತ ಹೇಳಲಿ ನಾನು?"

"ನೀವು ಹೇಳ್ಬೇಡಿ. ನಾನೇ ಹೇಳ್ತೀನಿ."

ಈ ಸಲ ಡಾಕ್ಟರಮ್ಮನ ಬಾಯಿ ಖಾಲಿಯಿತ್ತು. ಮಗಳು ಪೂರ್ತಿ ಕೇಳಿಸಿಕೊಂಡು, ಸಣ್ಣ ದನಿಯಲ್ಲಿ ಅಂದಳು:

"ಮಕ್ಕಳಿಗಿಂತ ಆ ಕಾರೇ ಹೆಚ್ಚಾಯ್ತಾ ಅಮ್ಮಾ ನಿಂಗೆ?"

ಎದೆಗೆ ನಾಟುವ ಮಾತು, ನಾಟಿತು ಕೂಡ. ಡಾಕ್ಟರಮ್ಮ ಗೋಡೆಗೆ ಒರಗಿಕೊಂಡರು, ಆದರೆ ದನಿ ತಗ್ಗಿಸಲಿಲ್ಲ.

"ಮಕ್ಕಳಿಗೆ ಸ್ನಾನ ಮಾಡಿಸ್ತೀನಿ. ಅತ್ತಾಗ ಎತ್ಕೋತೀನಿ. ನಿನಗೆ ನಿದ್ದೆ ಬೇಕಾದಾಗ ನಾನು ಎದ್ದಿರ್ತೀನಿ. ನಿಮ್ಮಪ್ಪ ದೊಡ್ಡ ಕಾರು ತಗೊಂಡು ಬೀದೀಲಿ ನಿಲ್ಲಿಸ್ಕೊಳ್ಳಲಿ. ಗ್ಯಾರೇಜು ಬಿಡಲ್ಲ, ಕಾರೂ ಮಾರಲ್ಲ."

"ಯಾಕೆ ಅಂತ ಆದ್ರೂ ಹೇಳು."

"ನಂಗೆ ಬೇಕು."

ಆ ಕಡೆಯಿಂದ ಫೋನು ಇಟ್ಟ ಸದ್ದು. ಡಾಕ್ಟರಮ್ಮನ ಬೆರಳು ಅಭ್ಯಾಸಬಲದಿಂದ ಮತ್ತೆ ಅದೇ ನಂಬರಿನತ್ತ ಹೋಯಿತು, ರಮಿಸಲು, ಹೋಗಲಿ ಬಿಡು ಅನ್ನಲು. ಅರ್ಧದಲ್ಲೇ ಕೈ ಹಿಂದಕ್ಕೆ ತೆಗೆದುಕೊಂಡರು.

"ಸಿಟ್ಟು ಮಾಡ್ಕೊಂಡ್ಲಾ?" ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಪಿಸುಗುಟ್ಟಿದರು.

"ಹೌದು."

"ಮತ್ತೆ?"

"ಮಾಡ್ಕೊಳ್ಳಲಿ," ಎಂದರು ಡಾಕ್ಟರಮ್ಮ.